ಪರದೆಯ ಹಿಂದೆ ದಾಳದ ಫಲವನ್ನು ಬದಲಿಸಿದೆ. ಮತ್ತೆ ಆಟಗಾರರ ನಂಬಿಕೆ ಗಳಿಸುವುದು ಹೇಗೆ?

ಭಾನುವಾರದ ಮೇಜು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ನಾನು ಐವರು ಗೆಳೆಯರಿಗೆ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಬೆಳೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನು 2014ರ ನಿಯಮಗಳ ಪ್ರಕಾರ ನಡೆಸಿಕೊಂಡು ಬರುತ್ತಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನಮ್ಮ ಮನೆಯಲ್ಲೇ ಕೂರುತ್ತೇವೆ. ಮಾತುಕತೆಯೆಲ್ಲ ಕನ್ನಡದಲ್ಲಿ ನಡೆಯುತ್ತದೆ. ನಿಯಮದ ಪದಗಳು ಮಾತ್ರ ಇಂಗ್ಲಿಷಿನವು.

ಎರಡು ತಿಂಗಳ ಹಿಂದೆ ಹಳೆಯ ಸೇತುವೆಯೊಂದರ ಕೆಳಗೆ ಇವರಿಗೆ ಟ್ರೋಲ್ ಎಂಬ ದೈತ್ಯಪ್ರಾಣಿ ಎದುರಾಯಿತು. ಎಲ್ಲರೂ ಮೂರನೇ ಹಂತದ ಪಾತ್ರಗಳು. ಮಾಂತ್ರಿಕನಿಗೆ, ಎಷ್ಟು ಪೆಟ್ಟು ತಾಳಬಲ್ಲನೆಂದು ಅಳೆಯುವ, ಒಟ್ಟು 17 ಹಿಟ್ ಪಾಯಿಂಟ್‌ಗಳಿದ್ದು, ಅಷ್ಟುಹೊತ್ತಿಗೆ 5 ಮಾತ್ರ ಉಳಿದಿದ್ದವು. ಟ್ರೋಲ್‌ನ ಸರದಿಯ ಕೊನೆಯ ಉಗುರಿನೇಟಿಗೆ ನಾನು ಆಟಗಾರರಿಗೆ ಕಾಣದಂತೆ ನನ್ನ ಮುಂದಿಟ್ಟುಕೊಂಡ ಪರದೆಯ ಹಿಂದೆ ಇಪ್ಪತ್ತು ಮುಖದ ದಾಳ ಉರುಳಿಸಿದಾಗ ಅತಿ ಹೆಚ್ಚಿನ 20 ಬಿತ್ತು. ಆ ಹುಡುಗ ತನ್ನ ಪಾತ್ರಕ್ಕಾಗಿ ಎರಡು ಪುಟ ಪೂರ್ವಕಥೆ ಬರೆದುಕೊಂಡು ಬಂದಿದ್ದವನು. ಅವನ ಮುಖ ನೋಡಿ ನನಗೆ ಮನಸ್ಸು ಬಾರದೆ, "ತಪ್ಪಿತು, ಉಗುರು ಸೇತುವೆಯ ಕಂಬಕ್ಕೆ ಬಡಿಯಿತು" ಎಂದುಬಿಟ್ಟೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಅದೇ ಹೊತ್ತಿಗೆ ಇನ್ನೊಬ್ಬ ಆಟಗಾರ್ತಿ ಅಡುಗೆಮನೆಯಿಂದ ನೀರಿನ ಜಗ್ಗು ಹಿಡಿದುಕೊಂಡು ನನ್ನ ಕುರ್ಚಿಯ ಹಿಂದೆ ಹಾದು ಹೋದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ.

ಅವರು ಅಂದು ಏನೂ ಹೇಳಲಿಲ್ಲ. ಕಳೆದ ಭಾನುವಾರ ಅವರದೇ ಪ್ಯಾಲಡಿನ್, ಎಂದರೆ ಧರ್ಮಯೋಧೆಯ, ಪಾತ್ರ ಸೊನ್ನೆ ಹಿಟ್ ಪಾಯಿಂಟ್‌ಗಿಳಿದು, ಅವರ ಕೈಯಿಂದಲೇ ಎಲ್ಲರೆದುರು ಹಾಕಿದ, ಸಾವಿನಿಂದ ಪಾರಾಗುವ ದಾಳಗಳಾದ, ಮೂರು ಡೆತ್ ಸೇವ್‌ಗಳೂ ಸೋತು ಸತ್ತಿತು. ಆಗ ಅವರು ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೇಳಿದರು: "ಅವನಿಗೆ 20 ಬಿದ್ದಾಗ ತಪ್ಪಿತು ಅಂದಿರಿ. ನನ್ನ ಸರದಿಗೆ ಮಾತ್ರ ದಾಳ ದಾಳವೇ ಆಯಿತೇ?"

ಅಂದಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಮಾತಾಡಿಲ್ಲ. ಮಾಂತ್ರಿಕನ ಹುಡುಗ ಒಬ್ಬನೇ ಫೋನ್ ಮಾಡಿ, ಇನ್ನೆಷ್ಟು ಸಲ ಹೀಗೆ ಮಾಡಿದ್ದೀರಿ ಎಂದು ಕೇಳಿದ. ಇನ್ನೊಂದು ಸಲ, ಕಾದಾಟ ಎಳೆಯುತ್ತಿದೆ ಎನಿಸಿ, ಎದುರಾಳಿಯ ಹಿಟ್ ಪಾಯಿಂಟ್‌ಗಳನ್ನು ಸದ್ದಿಲ್ಲದೆ ಇಳಿಸಿದ್ದೆ, ಅದನ್ನೂ ಒಪ್ಪಿಕೊಂಡೆ. ಆಟ ನಡೆಸುವವರಿಗಾಗಿ ಬಂದ 2014ರ ಡಂಜನ್ ಮಾಸ್ಟರ್ ಕೈಪಿಡಿಯೇ ಪರದೆಯ ಹಿಂದಿನ ದಾಳದ ಫಲವನ್ನು ಬೇಕಿದ್ದರೆ ಬದಲಿಸಬಹುದೆಂದು ಅನುಮತಿ ಕೊಡುತ್ತದೆ. ಹಾಗಿದ್ದ ಮೇಲೆ ನಾನು ಮಾಡಿದ್ದು ತಪ್ಪೇ? ಇನ್ನು ಮುಂದೆ ಎಲ್ಲ ದಾಳಗಳನ್ನೂ ಎಲ್ಲರೆದುರೇ ಉರುಳಿಸಿದರೆ ಆಟ ನಡೆಸುವವನಾಗಿ ನನ್ನ ಕೈಯಲ್ಲಿ ಉಳಿಯುವುದೇನು? ಸತ್ತ ಪ್ಯಾಲಡಿನ್‌ನನ್ನು ಹೇಗಾದರೂ ಬದುಕಿಸಿ ಕೊಡಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ.

---

ಕಪ್ಪು ದಾಳ ಬರೆದದ್ದು:

ಮೊದಲು ಆ ಟ್ರೋಲ್‌ನ ಲೆಕ್ಕ ನೋಡೋಣ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅದರಲ್ಲೇ ಇದೆ. ಅದರ ಉಗುರಿನ ಪೆಟ್ಟು ಆರು ಮುಖದ ಎರಡು ದಾಳಗಳ ಮೊತ್ತಕ್ಕೆ 4 ಕೂಡಿಸಿದಷ್ಟು. ದಾಳಿಯ ದಾಳದಲ್ಲಿ 20 ಬಿದ್ದರೆ ಪೆಟ್ಟಿನ ದಾಳಗಳು ಇಮ್ಮಡಿಯಾಗಿ ನಾಲ್ಕು ದಾಳಗಳ ಮೊತ್ತಕ್ಕೆ 4 ಕೂಡಿಸಿದಷ್ಟಾಗುತ್ತದೆ, ಸರಾಸರಿ 18. ಐದು ಹಿಟ್ ಪಾಯಿಂಟ್ ಉಳಿದಿದ್ದ ಮಾಂತ್ರಿಕ ಆ ಒಂದೇ ಪೆಟ್ಟಿಗೆ ಸಾಯಬೇಕಾದರೆ, ಸೊನ್ನೆಗಿಳಿದ ಮೇಲೂ ಅವನ ಒಟ್ಟು ಹಿಟ್ ಪಾಯಿಂಟ್‌ನಷ್ಟು, ಎಂದರೆ ಇನ್ನೂ 17, ಪೆಟ್ಟು ಮಿಗಬೇಕು. ಒಟ್ಟು 22 ಆಗಬೇಕು. ನಾಲ್ಕು ದಾಳಗಳಲ್ಲಿ 18 ಅಥವಾ ಅದಕ್ಕಿಂತ ಹೆಚ್ಚು ಬೀಳುವುದು 1296 ಸಾಧ್ಯತೆಗಳಲ್ಲಿ 206 ಸಲ, ನೂರಕ್ಕೆ ಸುಮಾರು 16ರಷ್ಟು. ಮಿಕ್ಕೆಲ್ಲ ಸಂದರ್ಭಗಳಲ್ಲೂ ಅವನು ಪ್ರಜ್ಞೆ ತಪ್ಪಿ ಬೀಳುತ್ತಿದ್ದನೇ ಹೊರತು ಸಾಯುತ್ತಿರಲಿಲ್ಲ.

ಬಿದ್ದ ಮೇಲೂ ನಿಯಮ ಅವನಿಗೆ ಸಾಕಷ್ಟು ಅವಕಾಶ ಇಟ್ಟಿದೆ. ಡೆತ್ ಸೇವ್‌ನಲ್ಲಿ 10 ಅಥವಾ ಹೆಚ್ಚು ಬಿದ್ದರೆ ಗೆಲುವು, ಮೂರು ಸೋಲಾಗುವವರೆಗೆ ಪ್ರಾಣ ಉಳಿದಿರುತ್ತದೆ. ನಿಮ್ಮ ತಂಡದಲ್ಲಿ ದೈವಬಲದಿಂದ ಗುಣಪಡಿಸಬಲ್ಲ ಕ್ಲೆರಿಕ್ ಇದ್ದರೆ ಅವರು 60 ಅಡಿ ದೂರದಲ್ಲಿ ನಿಂತೇ, ಸರದಿಯ ಮುಖ್ಯ ಕೆಲಸದ ಜೊತೆಗೆ ಸಿಗುವ ಒಂದು ಬೋನಸ್ ಆಕ್ಷನ್‌ನಲ್ಲಿ, ಹೀಲಿಂಗ್ ವರ್ಡ್ ಎಂಬ ಮಂತ್ರ ಹೇಳಿ ಅವನನ್ನು ಎಬ್ಬಿಸಬಹುದಿತ್ತು. ಯಾರಾದರೊಬ್ಬರು ಟ್ರೋಲ್‌ನ ಗಮನ ಬೇರೆಡೆ ಸೆಳೆಯಬಹುದಿತ್ತು. ಇನ್ನೊಬ್ಬರು ಅವನನ್ನು ಭುಜ ಹಿಡಿದು ನೀರಿನಿಂದಾಚೆ ಎಳೆದು ತರಬಹುದಿತ್ತು. ನೀವು ಉಳಿಸಿದೆನೆಂದುಕೊಂಡದ್ದು ಒಬ್ಬನ ಜೀವವನ್ನು, ಆದರೆ ಉಳಿಸುವ ಆ ಅವಕಾಶ ಮಿಕ್ಕ ನಾಲ್ವರದಾಗಿತ್ತು. ಅವರಿಗೆ ತಿಳಿಯದಂತೆ ಅದನ್ನು ನೀವು ತೆಗೆದುಕೊಂಡಿರಿ. ನನಗೆ ಇದೇ ದೊಡ್ಡ ನಷ್ಟವಾಗಿ ಕಾಣುತ್ತದೆ.

ಕೈಪಿಡಿಯ ಮಾತು ಎತ್ತಿದಿರಿ. ಅದೇ ಪುಸ್ತಕ ಅದೇ ಜಾಗದಲ್ಲಿ, ಇದನ್ನು ಪದೇ ಪದೇ ಮಾಡಬೇಡಿ, ಮಾಡಿದ್ದನ್ನು ತೋರಗೊಡಬೇಡಿ, ಇಲ್ಲದಿದ್ದರೆ ಆಟಗಾರರು ನಿಜವಾದ ಅಪಾಯವೇ ಇಲ್ಲವೆಂದುಕೊಂಡಾರು, ಅದಕ್ಕಿಂತ ಕೆಟ್ಟದೆಂದರೆ ನೀವು ಯಾರದೋ ಪಕ್ಷ ವಹಿಸುತ್ತಿದ್ದೀರೆಂದುಕೊಂಡಾರು ಎಂಬ ಅರ್ಥದ ಎಚ್ಚರಿಕೆಯನ್ನೂ ಕೊಡುತ್ತದೆ. ನಿಮ್ಮ ಆಟಗಾರ್ತಿ ಕೇಳಿದ್ದು ಆ ಎರಡನೆಯದನ್ನೇ. ನನ್ನ ಮಟ್ಟಿಗೆ, ಬಚ್ಚಿಟ್ಟರೆ ಮಾತ್ರ ನಡೆಯುವ ಅನುಮತಿಯನ್ನು ನೆಚ್ಚಿಕೊಳ್ಳಲಾಗದು. ಒಂದು ಜಗ್ಗು ನೀರಿಗೆ ಅದು ಮುಗಿದುಹೋಯಿತಲ್ಲ.

ಕೈಯಲ್ಲಿ ಉಳಿಯುವುದೇನು ಎಂದು ಕೇಳಿದ್ದೀರಿ. ಬಹಳ ಉಳಿಯುತ್ತದೆ. ಟ್ರೋಲ್ ಯಾರ ಮೇಲೆ ಎರಗುತ್ತದೆ, ಬಿದ್ದವನನ್ನು ಬಿಟ್ಟು ನಿಂತವರ ಕಡೆ ತಿರುಗುತ್ತದೆಯೇ, ದೊಂದಿ ಕಂಡು ಹಿಂಜರಿಯುತ್ತದೆಯೇ, ಪಾರಿವಾಳದ ಗೂಡಿಗೆ ಕೈ ಹಾಕಲು ದಾಳವೇ ಬೇಕೇ ಅಥವಾ ಸುಮ್ಮನೆ ಆಗಲಿ ಎನ್ನಬಹುದೇ, ಬೇಕಿದ್ದರೆ ಎಷ್ಟು ಬೀಳಬೇಕು, ಇವೆಲ್ಲ ನಿಮ್ಮ ನಿರ್ಧಾರಗಳು. ಮೂರನೇ ಹಂತದವರ ಎದುರಿಗೆ 84 ಹಿಟ್ ಪಾಯಿಂಟ್‌ಗಳ, ಬೆಂಕಿ ಅಥವಾ ಆಮ್ಲ ತಾಗದಿದ್ದರೆ ಸರದಿಗೆ 10ರಂತೆ ಚೇತರಿಸಿಕೊಳ್ಳುವ ಪ್ರಾಣಿಯನ್ನು ತಂದು ನಿಲ್ಲಿಸಿದ್ದೂ ನೀವೇ. ದಯೆ ತೋರಿಸಬೇಕೆನಿಸಿದರೆ ದಾಳ ಕೈಗೆತ್ತಿಕೊಳ್ಳುವ ಮೊದಲೇ ತೋರಿಸಿ.

ಎಳೆಯುವ ಕಾದಾಟದ ವಿಷಯವನ್ನು ನಾನು ದೊಡ್ಡದು ಮಾಡುವುದಿಲ್ಲ. "ಇದನ್ನು ನೀವು ಗೆದ್ದಾಗಿದೆ, ಕೊನೆಯ ಪೆಟ್ಟು ಹೇಗೆ ಬಿತ್ತೆಂದು ನೀವೇ ಹೇಳಿ" ಎಂದು ಎಲ್ಲರೆದುರು ಹೇಳಿದರೆ ಸಾಕು.

---

ಹಳೆಯ ನಕ್ಷೆ ಬರೆದದ್ದು:

ಕಪ್ಪು ದಾಳ ಅವರ ಲೆಕ್ಕ ಸರಿ, ಆದರೆ ಎಲ್ಲವನ್ನೂ ಎಲ್ಲರೆದುರೇ ಉರುಳಿಸಬೇಕೆಂಬ ತೀರ್ಮಾನಕ್ಕೆ ಅವರ ಮಾತು ದಾರಿ ಮಾಡಿಕೊಡುವಂತಿದೆ. ಅದಕ್ಕೆ ನನ್ನ ತಕರಾರಿದೆ. ಅದನ್ನು ಹೇಳುವ ಮೊದಲು ಈ ಅಧಿಕಾರ ಎಲ್ಲಿಂದ ಬಂತೆಂದು ಸ್ವಲ್ಪ ಹಿಂದೆ ಹೋಗಿ ನೋಡುವುದು ಒಳ್ಳೆಯದು.

1824ರಲ್ಲಿ ಪ್ರಷ್ಯಾದ ಸೇನೆಯ ಯುವ ಅಧಿಕಾರಿ ರೈಸ್ವಿಟ್ಜ್, ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ತಿದ್ದಿ ಬೆಳೆಸಿ ಕ್ರೀಗ್‌ಷ್ಪೀಲ್ ಎಂಬ ಹೆಸರಿನಲ್ಲಿ ಅದರ ನಿಯಮಗಳನ್ನು ಪ್ರಕಟಿಸಿದ. ಎರಡೂ ಪಕ್ಷದವರು ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಕೊಡುತ್ತಿದ್ದರು. ಅವನು ದಾಳ ಮತ್ತು ಕೋಷ್ಟಕಗಳಿಂದ ಫಲವನ್ನು ನಿರ್ಣಯಿಸಿ, ಆಯಾ ಪಕ್ಷದ ಸೈನಿಕರ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಆಯಾ ಪಕ್ಷಕ್ಕೆ ತಿಳಿಸುತ್ತಿದ್ದ. ಕೋಷ್ಟಕಗಳು ಆಟವನ್ನು ನಿಧಾನ ಮಾಡುತ್ತವೆಂಬ ದೂರು ಬೆಳೆದು, 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ ಅವನ್ನು ಬದಿಗಿಟ್ಟು ಮಧ್ಯಸ್ಥನ ವಿವೇಚನೆಗೇ ಹೆಚ್ಚಿನದನ್ನು ಬಿಡುವ ಪದ್ಧತಿಯನ್ನು ಮುಂದಿಟ್ಟ. ಅಮೆರಿಕದಲ್ಲಿ 1880ರಲ್ಲಿ ಬಂದ ಟಾಟನ್‌ನ ಯುದ್ಧದಾಟದ ಪುಸ್ತಕವನ್ನು ಹಲವು ದಶಕಗಳ ಮೇಲೆ ಮಿನೆಸೋಟದ ಡೇವಿಡ್ ವೆಸ್ಲಿ ಓದಿ, 1969ರಲ್ಲಿ ಬ್ರೌನ್‌ಸ್ಟೈನ್ ಎಂಬ ಆಟ ನಡೆಸಿದರು. ಅದರಲ್ಲಿ ಆಡಿದ್ದ ಡೇವ್ ಆರ್ನೆಸನ್ ತಮ್ಮ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಲೋಕದ ಆಟ ಕಟ್ಟಿದರು. ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದಾಗ ಆಟ ನಡೆಸುವವನನ್ನು ಅದು ರೆಫರಿ ಎಂದೇ ಕರೆದಿತ್ತು.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ವೆರ್ಡಿಯ ಮಧ್ಯಸ್ಥನ ಮಾತನ್ನು ಕಿರಿಯ ಅಧಿಕಾರಿಗಳು ಒಪ್ಪುತ್ತಿದ್ದುದು ಅವನು ರಣಭೂಮಿಯನ್ನು ಬಲ್ಲವನೆಂಬ ಕಾರಣಕ್ಕೆ. ಟ್ರೋಲ್‌ನೊಡನೆ ಕಾದಾಡಿದವರು ನಮ್ಮಲ್ಲಿ ಯಾರೂ ಇಲ್ಲ. ಪದ್ಧತಿ ಪರಂಪರೆಯಾಗಿ ಬಂತು, ಅದನ್ನು ಹೊತ್ತಿದ್ದ ಆಧಾರ ಅಲ್ಲೇ ಉಳಿಯಿತು. ಹಾಗಾಗಿ ನಮ್ಮ ಮೇಜಿನಲ್ಲಿ ಈ ಅಧಿಕಾರಕ್ಕೆ ಆಟಗಾರರ ಒಪ್ಪಿಗೆಯೊಂದೇ ನೆಲೆ, ಅದನ್ನು ಅವರು ಪ್ರತಿ ಭಾನುವಾರ ಬಂದು ಕೂತು ಮತ್ತೆ ಮತ್ತೆ ಕೊಡುತ್ತಾರೆ ಎಂಬುದು ನನ್ನ ನಂಬಿಕೆ.

ಈಗ ತಕರಾರು. ಗುಪ್ತದ್ವಾರ ಹುಡುಕುವ ದಾಳವನ್ನು ಎಲ್ಲರೆದುರು ಉರುಳಿಸಿ 3 ಬಿದ್ದರೆ, ಬಾಗಿಲಿದ್ದೂ ಸಿಗಲಿಲ್ಲವೇನೋ ಎಂಬ ಅನುಮಾನ ಆಟಗಾರನಿಗೆ ಹುಟ್ಟುತ್ತದೆ. ಅದನ್ನು ಗುಟ್ಟಾಗಿ ಉರುಳಿಸುವ ರೂಢಿ ಹುಟ್ಟಿದ್ದೇ ಅದಕ್ಕಾಗಿ. ರೈಸ್ವಿಟ್ಜ್‌ನ ಮಧ್ಯಸ್ಥನೂ ಮಾಹಿತಿಯನ್ನು ಮರೆಮಾಡುತ್ತಿದ್ದ, ಎರಡೂ ಪಕ್ಷದವರಿಗೆ ಅದು ಗೊತ್ತಿತ್ತು, ಅವರು ಬಯಸಿದ್ದೂ ಅದನ್ನೇ. ಪಾತ್ರಕ್ಕೆ ಗೊತ್ತಿರದ ಸಂಗತಿಯನ್ನು ಮುಚ್ಚಿಡುವುದಕ್ಕೂ, ಬಿದ್ದ ಫಲವನ್ನು ಮುಚ್ಚಿಟ್ಟು ಬೇರೆ ಫಲ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ನೀವು ಪರದೆಯನ್ನು ಎಸೆಯಬೇಕಾಗಿಲ್ಲ.

ಹೊಸ ಆಟಗಳು ಈ ಗಂಟನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿವೆ. 2010ರ ಅಪೊಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಆಟ ನಡೆಸುವವರು ದಾಳವನ್ನೇ ಮುಟ್ಟುವುದಿಲ್ಲ. ಅವರು ಏನು ಮಾಡಬಹುದೆಂಬುದೂ ಪುಸ್ತಕದಲ್ಲಿ ಬರೆದಿದೆ. ಬರ್ನಿಂಗ್ ವೀಲ್‌ನಲ್ಲಿ ಒಮ್ಮೆ ಬಿದ್ದ ಫಲ ಪರಿಸ್ಥಿತಿ ಬದಲಾಗುವ ತನಕ ನಿಲ್ಲುತ್ತದೆ, ಆಟಗಾರರಿಗೂ, ನಡೆಸುವವರಿಗೂ. ಬ್ಲೇಡ್ಸ್ ಇನ್ ದ ಡಾರ್ಕ್‌ನಲ್ಲಿ ಅಪಾಯ ಎಷ್ಟು, ಗೆದ್ದರೆ ಸಿಗುವುದೆಷ್ಟು ಎಂಬುದನ್ನು ದಾಳಕ್ಕೆ ಮೊದಲೇ ಬಾಯಿಬಿಟ್ಟು ಹೇಳಬೇಕು, ಕೇಳಿದ ಮೇಲೆ ಆಟಗಾರ ಮನಸ್ಸು ಬದಲಿಸಬಹುದು. ಈ ಕೊನೆಯ ಅಭ್ಯಾಸವನ್ನು ನಿಮ್ಮ ಆಟಕ್ಕೂ ತರಬಹುದು. ಇನ್ನೊಂದು ಮಾತು: 1991ರ ಆ್ಯಂಬರ್ ಆಟದಲ್ಲಿ ದಾಳವೇ ಇಲ್ಲ, ಎಲ್ಲವೂ ನಡೆಸುವವರ ತೀರ್ಪು. ಅದನ್ನೂ ಜನ ಪ್ರೀತಿಯಿಂದ ಆಡಿದ್ದಾರೆ, ಏಕೆಂದರೆ ಆ ಷರತ್ತು ಅವರಿಗೆ ಕೂರುವ ಮೊದಲೇ ಗೊತ್ತಿತ್ತು.

---

ಕರಾವಳಿಯವನು ಬರೆದದ್ದು:

ಮೇಲಿನ ಮಾತುಗಳನ್ನು ಓದುವಾಗ ನನಗೆ ನೆನಪಾದದ್ದು ತಾಳಮದ್ದಳೆ. ಅಲ್ಲಿ ಅರ್ಥಧಾರಿಗಳಿಗೆ ಬರೆದುಕೊಟ್ಟ ಮಾತಿಲ್ಲ. ಪದ್ಯ ಮುಗಿದ ಮೇಲೆ ಅವರು ಆಶುವಾಗಿ ಮಾತು ಕಟ್ಟಬೇಕು, ಎದುರಿನವರು ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಹೊಸೆಯಬೇಕು. ಇಡೀ ಪ್ರಸಂಗದ ಹಿಡಿತ ಮಾತ್ರ ಭಾಗವತರ ಕೈಯಲ್ಲಿ. ವಾದ ಎಲ್ಲೆ ಮೀರಿ ಬೆಳೆಯಿತೆನ್ನಿಸಿದಾಗ ಅವರು ಜಾಗಟೆ ಎತ್ತಿ ಮುಂದಿನ ಪದ್ಯಕ್ಕೆ ಶ್ರುತಿ ಹಿಡಿಯುತ್ತಾರೆ. ಎಷ್ಟೇ ಹಿರಿಯ ಅರ್ಥಧಾರಿಯಾದರೂ ಅಲ್ಲಿಗೆ ಮಾತು ನಿಲ್ಲಿಸುತ್ತಾರೆ. ಮನಸ್ಸಿಗೆ ಕಿರಿಕಿರಿಯಾಗಬಹುದು, ಆದರೆ ಮೋಸವಾಯಿತೆಂದು ಯಾರಿಗೂ ಅನಿಸುವುದಿಲ್ಲ, ಏಕೆಂದರೆ ಆ ಪದ್ಯ ಸಭೆಗೆಲ್ಲ ಕೇಳುವಂತೆ ಏಳುತ್ತದೆ.

ಆದರೆ ಈ ಹೋಲಿಕೆ ಒಂದು ಕಡೆ ನಿಂತುಬಿಡುತ್ತದೆ, ಅದನ್ನೂ ಹೇಳಬೇಕು. ವಾಲಿಯ ಪಾತ್ರಧಾರಿ ರಾಮನನ್ನು ಎಷ್ಟೇ ನಿರುತ್ತರನನ್ನಾಗಿ ಮಾಡಲಿ, ವಾಲಿ ಬೀಳಲೇಬೇಕು. ಕಥೆಯ ಕೊನೆ ಎಲ್ಲರಿಗೂ ಗೊತ್ತಿದೆ, ರುಚಿ ಇರುವುದು ಬೀಳುವ ಮೊದಲು ಅವನು ಏನು ಹೇಳಿದನೆಂಬುದರಲ್ಲಿ. ನಿಮ್ಮ ಮೇಜಿನಲ್ಲಿ ಸೇತುವೆಯ ಕೆಳಗೆ ಯಾರು ಬೀಳುತ್ತಾರೆಂದು ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿರಬಾರದು. ಅಲ್ಲಿ ಪುರಾಣ ಮಾಡುವ ಕೆಲಸವನ್ನು ಇಲ್ಲಿ ದಾಳ ಮಾಡುತ್ತದೆ. ಶಕುನಿಯ ದಾಳದ ಕಥೆ ಕೇಳಿ ಬೆಳೆದ ನಮಗೆ, ದಾಳ ಹಾಕುವವನ ಕೈಯ ಮೇಲೆ ಅನುಮಾನ ಬಂದರೆ ಆಟದಲ್ಲಿ ಏನೂ ಉಳಿಯುವುದಿಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ನೀವು ಒಳ್ಳೆಯ ಮನಸ್ಸಿನಿಂದಲೇ ಮಾಡಿದಿರಿ. ಆದರೂ ನೋಡಿದವರಿಗೆ ಕಂಡದ್ದು ಮನಸ್ಸಲ್ಲ, ದಾಳದ ಮೇಲಿನ 20.

---

ಐದನೇ ಕುರ್ಚಿ ಬರೆದದ್ದು:

ನಾನು ಯಾವತ್ತೂ ಆಟ ನಡೆಸಿದವಳಲ್ಲ, ಎಂಟು ವರ್ಷಗಳಿಂದ ಆಡುತ್ತಿರುವವಳು. ಆದ್ದರಿಂದ ಆ ನೀರಿನ ಜಗ್ಗು ಹಿಡಿದಿದ್ದವರ ಕಡೆಯಿಂದ ಎರಡು ಮಾತು.

ಅವರು ಎರಡು ತಿಂಗಳು ಸುಮ್ಮನಿದ್ದರೆಂಬುದು ನನ್ನನ್ನು ಹೆಚ್ಚು ಕಾಡುತ್ತಿದೆ. ಹಿಂದೆ ನಾನಿದ್ದ ತಂಡವೊಂದರಲ್ಲಿ ಆಟ ನಡೆಸುತ್ತಿದ್ದವರು ನಮಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಒಂದು ದಿನ, ಸೆರೆಯಾಳುಗಳನ್ನು ಬಿಡಿಸದೆ ಕೋಟೆಯಿಂದ ಹೊರಡುವುದಿಲ್ಲವೆಂದು ನನ್ನ ಪಾತ್ರ ಹಟ ಹಿಡಿದು ನಿಂತಾಗ, ಅವರು "ಅವಳು ಹೆದರಿ ಓಡಿದಳು" ಎಂದು ಹೇಳಿ ಮುಂದಿನ ದೃಶ್ಯಕ್ಕೆ ಹೋಗಿಬಿಟ್ಟರು. ಮಾಟವಿಲ್ಲ, ಮಂತ್ರವಿಲ್ಲ, ದಾಳವೂ ಇಲ್ಲ. ನನ್ನ ಪಾತ್ರ ಏನು ಮಾಡುತ್ತದೆ, ಅದಕ್ಕೆ ಏನನಿಸುತ್ತದೆ ಎಂಬುದಷ್ಟೇ ಆ ಆಟದಲ್ಲಿ ಆಟಗಾರರ ಪಾಲಿಗೆ ಇರುವುದು. ಮಿಕ್ಕ ಜಗತ್ತೆಲ್ಲ ನಡೆಸುವವರದು. ನನಗೆ ಆ ಒಂದು ತುಂಡನ್ನೂ ಕಿತ್ತುಕೊಂಡಂತಾಯಿತು. ಆದರೂ ಅಣ್ಣನಿಗೆ ಎದುರು ಹೇಳುವುದು ಹೇಗೆಂದು ಬಾಯಿ ಕಟ್ಟಿತು. ನಾಲ್ಕು ವಾರ ಹೋದೆ, ಐದನೇ ವಾರ ಜ್ವರ ಎಂದೆ, ಆಮೇಲೆ ಹೋಗಲೇ ಇಲ್ಲ. ನಾನು ಏಕೆ ಬಿಟ್ಟೆನೆಂದು ಅವರಿಗೆ ಇಂದಿಗೂ ತಿಳಿದಿಲ್ಲ.

ನಿಮ್ಮ ಆಟಗಾರ್ತಿ ಬಾಯಿಬಿಟ್ಟು ಕೇಳಿದರು. ಇನ್ನೂ ಈ ಮೇಜು ಬೇಕೆನಿಸಿದ್ದರಿಂದಲೇ ಕೇಳಿದರೆಂದು ತಿಳಿಯಿರಿ. ಅವರಿಗೆ ಫೋನಿನಲ್ಲಿ ಸಮಾಧಾನ ಹೇಳಿ ಮುಗಿಸಬೇಡಿ. ಆ ಮಾತು ಎಲ್ಲರೆದುರು ಬಂದಿದೆ, ಉತ್ತರವೂ ಎಲ್ಲರೆದುರೇ ಬರಲಿ. ಏನು ಮಾಡಿದೆ, ಎಷ್ಟು ಸಲ ಮಾಡಿದೆ, ಏಕೆ ಮಾಡಿದೆ ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ. ಕೈಪಿಡಿಯ ಅನುಮತಿಯನ್ನು ಆ ಮಾತಿನಲ್ಲಿ ತರಲೇಬೇಡಿ.

ಪ್ಯಾಲಡಿನ್‌ನನ್ನು ನೀವಾಗಿಯೇ ಬದುಕಿಸಬೇಡಿ. ಹಾಗೆ ಮಾಡಿದರೆ ಮತ್ತೊಮ್ಮೆ ಅವರನ್ನು ಕೇಳದೆ ಅವರ ಪಾತ್ರದ ಗತಿಯನ್ನು ನಿರ್ಧರಿಸಿದಂತಾಗುತ್ತದೆ. ಅವರಿಗೆ ಏನು ಬೇಕೆಂದು ಕೇಳಿ, ಮೂರು ದಿನ ಸಮಯ ಕೊಡಿ.

ಕೊನೆಯದಾಗಿ, ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಷರತ್ತುಗಳನ್ನು ಮಾತಾಡಿಕೊಳ್ಳುವ ಸೆಷನ್ ಝೀರೋ ನಿಮ್ಮಲ್ಲಿ ನಡೆದಂತಿಲ್ಲ. 2020ರಲ್ಲಿ ಈ ಆಟಕ್ಕೇ ಬಂದ ಪೂರಕ ಪುಸ್ತಕವೊಂದರಲ್ಲಿ ಅದಕ್ಕೆ ಪ್ರತ್ಯೇಕ ಭಾಗವೇ ಇದೆ. ಪಾತ್ರಗಳು ಸಾಯಬಹುದೇ, ಯಾವ ದಾಳ ಗುಟ್ಟಾಗಿರಲಿ, ಯಾವ ವಿಷಯ ಆಟದಲ್ಲಿ ಬರಲೇಬಾರದು, ಇವನ್ನು ಆರು ತಿಂಗಳ ಮೇಲೂ ಮಾತಾಡಬಹುದು. ಜಾನ್ ಸ್ಟಾವ್ರೊಪೊಲೊಸ್ ರೂಪಿಸಿದ ಎಕ್ಸ್ ಕಾರ್ಡನ್ನೂ ಮೇಜಿನ ಮೇಲಿಡಿ. ಕಾರಣ ಹೇಳುವ ಹಂಗಿಲ್ಲದೆ ಅದನ್ನು ಮುಟ್ಟಿ ಬೇಡದ ದೃಶ್ಯವನ್ನು ನಿಲ್ಲಿಸಬಹುದು. ನನ್ನ ಈಗಿನ ತಂಡದಲ್ಲಿ ಎಂಟು ತಿಂಗಳಲ್ಲಿ ಒಮ್ಮೆ ಮಾತ್ರ ಅದನ್ನು ಮುಟ್ಟಿದ್ದೇವೆ. ಜೊತೆಗೆ ಪ್ರತಿ ಸಲವೂ ಆಟ ಮುಗಿದ ಮೇಲೆ ಹತ್ತು ನಿಮಿಷ ಬಿಡುವು ಇಟ್ಟು, ಇಂದು ಏನು ಹಿಡಿಸಲಿಲ್ಲ ಎಂದು ನೀವೇ ಮೊದಲು ಕೇಳಿ. ಮೊದಲೆರಡು ಸಲ ಯಾರೂ ಏನೂ ಹೇಳುವುದಿಲ್ಲ. ಆದರೂ ಕೇಳುವುದನ್ನು ಬಿಡಬೇಡಿ.

---

ಭಾನುವಾರದ ಮೇಜು ಮರಳಿ ಬರೆದದ್ದು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನಿನ್ನೆ ಕೂತಿದ್ದೆವು. ಐದನೇ ಕುರ್ಚಿ ಅವರು ಹೇಳಿದಂತೆ ಎಲ್ಲರೆದುರು ಹೇಳಿ ನಿಲ್ಲಿಸಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಮೊದಲು ಮಾತಾಡಿದವರು ಕ್ಲೆರಿಕ್ ಪಾತ್ರದವರು. ಕಪ್ಪು ದಾಳ ಅವರು ಬರೆದದ್ದನ್ನು ಅವರು ಓದಿಲ್ಲ, ಆದರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು: ಅಂದು ಹೀಲಿಂಗ್ ವರ್ಡ್‌ಗಾಗಿಯೇ ಕೊನೆಯ ಮಂತ್ರಶಕ್ತಿಯನ್ನು ಖರ್ಚು ಮಾಡದೆ ಉಳಿಸಿಟ್ಟುಕೊಂಡಿದ್ದರಂತೆ. ನಾನು ಈ ಕಡೆ ಕೂತು ಅದನ್ನು ಗಮನಿಸಿಯೇ ಇರಲಿಲ್ಲ. ಪ್ಯಾಲಡಿನ್‌ನ ಆಟಗಾರ್ತಿ ಹಳೆಯ ಪಾತ್ರ ಬೇಡವೆಂದರು, ಅವಳ ಗುರಾಣಿ ಯಾರ ಕೈ ಸೇರಿತೆಂದು ಮಾತ್ರ ತಿಳಿಯಬೇಕೆಂದರು. ಹೊಸ ಪಾತ್ರದ ಹಾಳೆಯನ್ನು ತಂದಿದ್ದರು.

ದಾಳಿಯ ದಾಳಗಳು ಇನ್ನು ಮೇಲೆ ಮೇಜಿನ ನಡುವಿನ ತಟ್ಟೆಯಲ್ಲಿ, ಹುಡುಕಾಟದ ದಾಳಗಳು ಪರದೆಯ ಹಿಂದೆ ಎಂದು ನಾಲ್ವರು ಒಪ್ಪಿದರು. ಮಾಂತ್ರಿಕನ ಹುಡುಗ ಮಾತ್ರ ಒಪ್ಪಲಿಲ್ಲ. ಪರದೆಯ ಹಿಂದೆ ಏನೇ ಬಿದ್ದರೂ ಇನ್ನು ತನಗೆ ಅನುಮಾನವೇ ಬರುತ್ತದೆ ಎಂದ, ಅವನನ್ನು ದೂರುವಂತಿಲ್ಲ. ಸದ್ಯಕ್ಕೆ ಅವನ ಪಾತ್ರ ಏನನ್ನಾದರೂ ಹುಡುಕಿದಾಗ, ಪಕ್ಕದ ಆಟಗಾರ್ತಿ ನನ್ನ ಬದಿಗೆ ಬಂದು ದಾಳವನ್ನು ನೋಡಿ, ಏನೂ ಹೇಳದೆ ಹೋಗಿ ಕೂರುವುದೆಂದು ಮಾಡಿಕೊಂಡಿದ್ದೇವೆ. ಆ ಆಟಗಾರ್ತಿ ಯಾರೆಂದು ನೀವು ಊಹಿಸಿರುತ್ತೀರಿ. ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗಾದರೂ ತೋಚಿದರೆ ತಿಳಿಸಿ, ಮುಂದಿನ ಭಾನುವಾರಕ್ಕೆ ಇನ್ನೂ ಹದಿಮೂರು ದಿನವಿದೆ.